ಚಿಕ್ಕಮ್ಮನ ಮ್ಯಾಚನ್ನು ತೋರಿಸದ ಟಿವಿಯವರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಓದಿದ್ದು ಇತಿಹಾಸ. ಒಬ್ಬರೇ ಸಾಕ್ಷಿ ಇದ್ದರೆ ಆ ಮಾತನ್ನು ನಂಬಬೇಡಿ ಎಂದು ಯೂನಿವರ್ಸಿಟಿಯಲ್ಲಿ ತಲೆಗೆ ತುಂಬಿ ಕಳಿಸಿದ್ದರು. ಈ ಕತೆಗೆ ಬಾಯಿಬಿಡುವ ಸಾಕ್ಷಿ ಎಂದರೆ ಹೆಚ್ಚುಕಡಿಮೆ ನಾನೊಬ್ಬಳೇ! ಯಾವ ಮಾತು ಯಾವ ವರ್ಷ ಆಡಿದ್ದು, ಯಾವುದಕ್ಕೆ ಆಗಲೇ ನಕ್ಕದ್ದು, ಯಾವುದನ್ನು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ. ಒಂದು ಮಾತ್ರ ಖಂಡಿತ. ತನ್ನ ಟೀಮಿನ ಆಟಗಾರ ಕಾಲು ಹಿಡಿದುಕೊಂಡು ನೆಲಕ್ಕೆ ಬಿದ್ದರೆ ಚಪ್ಪಾಳೆ ತಟ್ಟುವ ಫುಟ್‌ಬಾಲ್ ಅಭಿಮಾನಿ ಇಡೀ ದುಬೈಯಲ್ಲಿ ಇದ್ದದ್ದು ಒಬ್ಬರೇ. ಅವರು ನನ್ನ ಚಿಕ್ಕಮ್ಮ.

ರಾಕ್ಷಸಿ ಎಂದುಕೊಳ್ಳಬೇಡಿ. ಇರುವೆ ಸಾಲು ಕಂಡರೆ ಪೊರಕೆ ಬದಿಗಿಡುವ ಹೆಂಗಸು ಅದು. ವಿಷಯ ಏನೆಂದರೆ, ಆಟಗಾರ ಬಿದ್ದರೆ ಸ್ಟ್ರೆಚರ್ ಬರುತ್ತದೆ. ಸ್ಟ್ರೆಚರ್ ಬಂದರೆ ಅದರ ಹಿಂದಿನ ತುದಿ ಹಿಡಿದುಕೊಂಡು ಚಿಕ್ಕಪ್ಪ ಬರುತ್ತಾರೆ!

ಚಿಕ್ಕಪ್ಪನಿಗೆ ಮರಳುಗಾಡಿನ ಆಚೆ, ದೂರದ ರುವೈಸ್‌ನಲ್ಲಿ ಒಂದು ಕಂಪನಿ ಕ್ಲಿನಿಕ್ಕಿನ ಆಂಬ್ಯುಲೆನ್ಸ್‌ನಲ್ಲಿ ಕೆಲಸ, ಕಂಪನಿ ಕೊಟ್ಟ ಕೋಣೆಯಲ್ಲಿ ವಾಸ. ಚಿಕ್ಕಮ್ಮ ಮಗಳ ಶಾಲೆಗೆಂದು, ಒಂದು ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸಕ್ಕೆಂದು ದುಬೈಯ ಅಲ್ ನಹ್ದಾದಲ್ಲಿ. ಹೊಸದಾಗಿ ಕೆಲಸ ಸಿಕ್ಕಿ ಬಂದ ನಾನು ಅವರ ಹಾಲಿನ ಸೋಫಾದಲ್ಲಿ. ಅಲ್ಲಿ ಆಗ ವಾರದ ರಜೆ ಶುಕ್ರವಾರ, ಶನಿವಾರ; ಚಿಕ್ಕಪ್ಪ ಗುರುವಾರ ಬಸ್ಸು ಹಿಡಿದು ಬಂದರೆ ಶನಿವಾರ ವಾಪಸ್ ಹೋಗುತ್ತಿದ್ದರು. ಆ ಎರಡು ದಿನಕ್ಕಾಗಿ ಉಳಿದ ದಿನಗಳು ಇದ್ದವು ಎನ್ನಬೇಕು. ಅಷ್ಟರಲ್ಲಿ ಆ ಕಡೆಯ ಒಂದು ಸಣ್ಣ ಕ್ಲಬ್ಬು, ಯಾರ ಪುಣ್ಯವೋ ಯಾರ ಪಾಪವೋ, ದೊಡ್ಡ ಲೀಗಿಗೆ ಏರಿಬಿಟ್ಟಿತು. ಅಲ್ಲಿ ಮ್ಯಾಚು ನಡೆದಾಗಲೆಲ್ಲ ಮೈದಾನದ ಬದಿಯಲ್ಲಿ ಆಂಬ್ಯುಲೆನ್ಸ್ ನಿಲ್ಲಬೇಕು. ಆ ಡ್ಯೂಟಿ ಚಿಕ್ಕಪ್ಪನ ಪಾಲಿಗೆ ಬಂತು. ಮ್ಯಾಚುಗಳು ಇರುವುದೇ ವಾರದ ಕೊನೆಗೆ. ಮ್ಯಾಚು ಇದ್ದ ವಾರ ಚಿಕ್ಕಪ್ಪ ಇಲ್ಲ!

"ನನ್ನ ಗಂಡನನ್ನು ಅವರು ಹಿಡಿದಿಟ್ಟುಕೊಂಡದ್ದಲ್ವಾ? ಹಾಗಾದ್ರೆ ಒಂದು ಸಲ ಟಿವಿಯಲ್ಲಿ ತೋರಿಸ್ಲಿಕ್ಕೆ ಇವರಿಗೆ ಎಂತ ಧಾಡಿ?" ಎಂದು ಕೇಳಿದರು ಚಿಕ್ಕಮ್ಮ. (ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಕನ್ನಡಕ್ಕೆ ತರುವಾಗ ಬೈಗುಳದ ಅರ್ಧ ಖಾರ ಇಳಿದುಹೋಗಿದೆ, ಕ್ಷಮಿಸಿ.)

ನೀವೇ ಹೇಳಿ, ಈ ವಾದದಲ್ಲಿ ಏನು ತಪ್ಪಿದೆ?

ತಪ್ಪಿದ್ದದ್ದು ಟಿವಿಯವರ ಲೆಕ್ಕಾಚಾರದಲ್ಲಿ. ಒಂದೇ ಸಂಜೆ ಮೂರು ನಾಲ್ಕು ಊರುಗಳಲ್ಲಿ ಆಟ. ಲೀಗು ತೋರಿಸುವ ಚಾನೆಲ್ಲುಗಳು ಪ್ರತಿ ಸುತ್ತಿಗೆ ಮೊದಲು ಕೂತು, ಯಾವ ಮ್ಯಾಚು ಮುಖ್ಯ ಚಾನೆಲ್ಲಿಗೆ, ಯಾವುದು ಎರಡನೆಯದಕ್ಕೆ, ಯಾವುದು ಎಲ್ಲಿಗೂ ಇಲ್ಲ ಎಂದು ಆಯ್ದುಕೊಳ್ಳುತ್ತಿದ್ದವಂತೆ. ಅಬುಧಾಬಿಯ, ದುಬೈಯ ದೊಡ್ಡ ಕ್ಲಬ್ಬುಗಳಿಗೆ ಸದಾ ಎಲೆ ಹಾಕಿ ಕೂರಿಸಿದ ಮರ್ಯಾದೆ. ಮರಳುಗಾಡಿನ ಆಚೆಯ ನಮ್ಮ ಕ್ಲಬ್ಬಿಗೆ ಕೊನೆಯ ಪಂಕ್ತಿ. ಆಟವೆಲ್ಲ ಮುಗಿದ ಮೇಲೆ, ಬಿಳಿ ನಿಲುವಂಗಿಯ ಮೂವರು ಮೇಜಿನ ಸುತ್ತ ಕೂತು ಚರ್ಚಿಸುವ ಕಾರ್ಯಕ್ರಮದಲ್ಲಿ ನಮ್ಮವರ ಗೋಲು ಕಂಡರೆ ಕಂಡಿತು.

"ಗೋಲಿಗೆ ಜಾಗ ಉಂಟು, ಸ್ಟ್ರೆಚರಿಗೆ ಇಲ್ಲ! ಗೋಲು ಹಾಕಿದವ ಮನೆಗೆ ನಡಕೊಂಡು ಹೋಗ್ತಾನೆ. ಬಿದ್ದವನ ಗತಿ ಎಂತಾಯ್ತು ಅಂತ ನೋಡುವವರಿಗೆ ಗೊತ್ತಾಗ್ಬೇಡ್ವಾ?"

"ಅಮ್ಮಾ, ಪ್ಲೀಸ್! ನೋಬಡಿ ವಾಚಸ್ ದಟ್ ಟೀಮ್," ಎನ್ನುತ್ತಿದ್ದಳು ಮಗಳು, ಎಂದರೆ ನನ್ನ ತಂಗಿ. ಶಾಲೆ ಸೇರಿದ ಮೇಲೆ ಅವಳು ತಾಯಿಗೆ ಉತ್ತರ ಕೊಡುತ್ತಿದ್ದದ್ದು ಇಂಗ್ಲಿಷಿನಲ್ಲಿ ಮಾತ್ರ.

"ನಾನು ನೋಬಡಿಯಾ? ಪುಸ್ತಕ ತೆಗಿ!"

ಮೈದಾನಕ್ಕೇ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಕಾರು ಓಡಿಸಿಕೊಂಡು ಹೋಗೋಣವೆಂದರೆ ಚಿಕ್ಕಮ್ಮ ಲೈಸೆನ್ಸ್ ಟೆಸ್ಟಿನಲ್ಲಿ ಫೇಲಾಗಿ ಫೇಲಾಗಿ, ಟೆಸ್ಟ್ ತೆಗೆದುಕೊಳ್ಳುವ ಪೊಲೀಸಮ್ಮನ ಮಕ್ಕಳ ಹೆಸರು ಕೂಡ ಬಾಯಿಪಾಠ ಆಗಿತ್ತು. ಚಿಕ್ಕಪ್ಪನೋ, "ಇಲ್ಲಿಗೆ ಬಂದು ಎಂತ ಮಾಡ್ತಿ? ನಾನು ಡ್ಯೂಟಿಯಲ್ಲಿ ಇರ್ತೇನೆ, ಖಲಾಸ್," ಎಂದು ಮಾತು ಮುಗಿಸಿದ್ದರು. ಅವರ ಫೋನು ಯಾವಾಗಲೂ ಹಾಗೆ. ಊಟ ಆಯ್ತಾ, ಮಗಳು ಓದ್ತಾಳಾ, ಸರಿ ಇಡ್ತೇನೆ.

ಆದ್ದರಿಂದ ಚಿಕ್ಕಮ್ಮ ಟಿವಿಯವರ ಮನಸ್ಸನ್ನು ಅಭ್ಯಾಸ ಮಾಡಲು ಕೂತರು. ಆಫ್‌ಸೈಡ್ ಎಂದರೇನು ಎಂದು ಕೊನೆಯವರೆಗೂ ತಿಳಿಯದ ಹೆಂಗಸು, ಮುಂದಿನ ವಾರ ಯಾವ ಮ್ಯಾಚು ಯಾವ ಚಾನೆಲ್ಲಿನಲ್ಲಿ ಎಂದು ಪೇಪರಿನವರಿಗಿಂತ ಮೊದಲೇ ಹೇಳುತ್ತಿದ್ದರು! ದೊಡ್ಡ ಟೀಮು ನಮ್ಮ ಕ್ಲಬ್ಬಿನ ಮೈದಾನಕ್ಕೆ ಆಡಲು ಬಂದರೆ ತೋರಿಸುವ ಸಂಭವ ಹೆಚ್ಚು. ಆದರೆ ಅದೇ ಸಂಜೆ ಇನ್ನೆರಡು ದೊಡ್ಡ ಟೀಮುಗಳು ತಮ್ಮತಮ್ಮಲ್ಲೇ ಆಡಿದರೆ ನಮ್ಮದು ಕಸದ ಬುಟ್ಟಿಗೆ. ನಮ್ಮವರೇ ದೊಡ್ಡ ಟೀಮಿನ ಊರಿಗೆ ಹೋದರೆ ಖಂಡಿತ ತೋರಿಸುತ್ತಾರೆ. ಆದರೆ ಪ್ರಯೋಜನ? "ಅಲ್ಲಿ ಸ್ಟ್ರೆಚರ್ ಅವರದ್ದು ಮಾರಾಯ್ತಿ! ಬೇರೆಯವರ ಗಂಡಂದಿರನ್ನು ನೋಡ್ಲಿಕ್ಕೆ ನಾನು ಕೂರ್ಬೇಕಾ?"

ಒಂದು ದಿನ ಚಾನೆಲ್ಲಿನ ಕಸ್ಟಮರ್ ಕೇರಿಗೆ ಫೋನು ಹಚ್ಚಿದರು. ದಿನವಿಡೀ ಹಲ್ಲುನೋವಿನವರನ್ನು ಫೋನಿನಲ್ಲೇ ಸಮಾಧಾನ ಮಾಡುವ ಕಸುಬಲ್ಲವೇ, ಆ ಕಡೆಯವರ ಪಟ್ಟುಗಳೆಲ್ಲ ಗೊತ್ತು. "ಹೋಲ್ಡ್ ಮಾಡಿ ಅಂತ ಸಂಗೀತ ಹಾಕಿದರೆ ನಾನು ಇಡುವವಳಲ್ಲ," ಎಂದು ನನಗೆ ಕಣ್ಣು ಹೊಡೆದರು. ಸಿಕ್ಕಿದವನು ಮಲಯಾಳಿ ಹುಡುಗ. ಪಾಪ, ಸಂಯಮಿ.

"ಮೇಡಂ, ಯಾವ ಮ್ಯಾಚು ಬೇಕಿತ್ತು?"

ಚಿಕ್ಕಮ್ಮ ಕ್ಲಬ್ಬಿನ ಹೆಸರು ಹೇಳಿದರು. ಆ ಕಡೆ ಕೀಬೋರ್ಡು ಕುಟ್ಟುವ ಸದ್ದು ಕೇಳಿಸಿತು.

"ಮೇಡಂ, ಐ ಆಮ್ ಸಾರಿ, ಹಿಂದಿ ಸಿನಿಮಾ ಪ್ಯಾಕೇಜ್ ಉಂಟು."

"ಅದರಲ್ಲಿ ನನ್ನ ಗಂಡ ಬರ್ತಾರಾ?" ಎಂದು ಕೇಳಿದರು ಚಿಕ್ಕಮ್ಮ.

ಅವನು ಫೋನಿಟ್ಟನೋ, ಲೈನು ಕಟ್ಟಾಯಿತೋ, ನನಗೆ ಸರಿಯಾಗಿ ನೆನಪಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಇಡುತ್ತಿದ್ದೆ.

ಮುಂದಿನ ಶುಕ್ರವಾರ ದುಬೈಯ ಹಳೇ ಪೇಟೆ ನೈಫ್‌ಗೆ ನಮ್ಮ ಮೆರವಣಿಗೆ. ಅಲ್ಲೊಂದು ಸಂದಿಯಲ್ಲಿ ಡಿಷ್ಷು, ರಿಸೀವರು ಮಾರುವ ಕಾಸರಗೋಡಿನವರ ಅಂಗಡಿ. ಇವರ ಬೇಡಿಕೆ ಬಲು ಸರಳ: ಯಾವ ಚಾನೆಲ್ಲೂ ತೋರಿಸದ ಮ್ಯಾಚನ್ನು ಹಿಡಿಯುವ ಡಿಷ್ಷು ಬೇಕು!

ಅಂಗಡಿಯವರು ಗಡ್ಡ ನೀವಿಕೊಂಡು ಯೋಚಿಸಿದರು. "ಅಕ್ಕಾ, ಕ್ಯಾಮೆರಾದವರು ಅಲ್ಲಿಂದ ಬಿಡದಿದ್ದರೆ ಡಿಷ್ಷು ಎಂತದನ್ನು ಹಿಡಿಯುವುದು?"

"ಬಿಟ್ಟದ್ದನ್ನು ಹಿಡಿಯಲಿಕ್ಕೆ ನನ್ನ ಈಗಿನ ಡಿಷ್ಷೇ ಸಾಕಲ್ಲ! ಮತ್ತೆ ನೀವು ಅಂಗಡಿ ಇಟ್ಟದ್ದು ಎಂತಕ್ಕೆ?"

ಅವರು ನಮಗೆ ಹಾಲಿಲ್ಲದ ಸುಲೈಮಾನಿ ಚಹಾ ತರಿಸಿಕೊಟ್ಟರು. ಸೋಲೊಪ್ಪಿಕೊಂಡ ಗಂಡಸರು ದುಬೈಯಲ್ಲಿ ಮಾಡುವುದು ಅದನ್ನೇ.

ವಾಪಸ್ ಬರುವಾಗ ಮೆಟ್ರೋದಲ್ಲಿ ಚಿಕ್ಕಮ್ಮನಿಗೆ ಜ್ಞಾನೋದಯವಾಯಿತು. ಟಿವಿಯವರು ಆರಿಸುವುದು ಗೆಲ್ಲುವವರ ಆಟವನ್ನಲ್ಲ, ಕುತೂಹಲದ ಆಟವನ್ನು. ಲೀಗಿನ ಕೊನೆಯ ದಿನ ಎಲ್ಲ ಮ್ಯಾಚುಗಳೂ ಒಂದೇ ಹೊತ್ತಿಗೆ. ಕೆಳಗಿನ ಎರಡು ಟೀಮುಗಳು ಲೀಗಿನಿಂದ ಹೊರಗೆ. ಆ ದಿನ ನಮ್ಮ ಟೀಮು ಉಳಿಯುತ್ತದೋ ಉರುಳುತ್ತದೋ ಎಂಬಂತಿದ್ದರೆ, ಅದೂ ಆಟ ನಮ್ಮಲ್ಲೇ ಇದ್ದರೆ, ಟಿವಿಯವರು ಬರದೆ ಎಲ್ಲಿಗೆ ಹೋಗುತ್ತಾರೆ? ಅದಕ್ಕೆ ಬೇಕಾದದ್ದು ಒಂದೇ, ಅಲ್ಲಿಯವರೆಗೆ ನಮ್ಮವರು ಚೆನ್ನಾಗಿ ಸೋಲುತ್ತಾ ಇರಬೇಕು.

ಶುಕ್ರವಾರ ಬೆಳಗ್ಗಿನ ಭಜನೆಯ ಹೆಂಗಸರಿಗೆ ಗುಟ್ಟಾಗಿ ಸೂಚನೆ ಹೋಯಿತು. ಪಾಪ, ಯಾವ ಟೀಮು, ಯಾಕೆ ಸೋಲಬೇಕು, ಒಬ್ಬರೂ ಕೇಳಲಿಲ್ಲ. ಪಾಯಸ ಚೆನ್ನಾಗಿತ್ತು. ದೇವರಿಗೆ ಇದೆಲ್ಲ ಅರ್ಥವಾಯಿತೋ ಇಲ್ಲವೋ, ನಮ್ಮವರು ಸೋಲತೊಡಗಿದರು! ಮಾರ್ಚ್ ಕಳೆಯುವ ಹೊತ್ತಿಗೆ ಟೀಮು ಪಾತಾಳದ ಮೆಟ್ಟಿಲಲ್ಲಿತ್ತು. ಚಿಕ್ಕಮ್ಮನ ಮುಖದಲ್ಲಿ ಕಳೆಯೇ ಕಳೆ. ಆಗ ಇದ್ದಕ್ಕಿದ್ದಂತೆ ಎರಡು ಮ್ಯಾಚು ಗೆದ್ದುಬಿಟ್ಟರು. ಇನ್ನೊಂದು ಗೆದ್ದರೆ ಅಪಾಯದಿಂದ ಪಾರು, ಕೊನೆಯ ದಿನದ ಕುತೂಹಲ ಮಣ್ಣುಪಾಲು. ಇದು ಹೇಗಾಯಿತು ಎಂದು ತಲೆಕೆಡಿಸಿಕೊಂಡಾಗ ಎದುರು ಫ್ಲ್ಯಾಟಿನ ಲೀನಾ ಬಾಯಿ ಬಾಯಿಬಿಟ್ಟರು. ಮಂಗಳೂರಿನ ಕಡೆಯವರು, ಕೊಂಕಣಿ ಕ್ರೈಸ್ತರು, ಚಿನ್ನದಂಥ ಮನಸ್ಸು.

"ನೀವು ಅಷ್ಟು ಬೇಜಾರಲ್ಲಿ ಟಿವಿ ನೋಡುವುದು ಕಂಡು ನಾನೇ ಒಂದು ನೊವೆನಾ ಹಿಡಿದೆ. ಒಂಬತ್ತು ದಿನ ಪ್ರಾರ್ಥನೆ. ನಿಮ್ಮ ಟೀಮು ಗೆಲ್ಲಲಿ ಅಂತ."

"ಅಯ್ಯೋ ಲೀನಾ ಬಾಯಿ! ಕ್ಯಾನ್ಸಲ್ ಮಾಡಿ ಮಾರಾಯ್ರೆ!"

"ನೊವೆನಾ ಹಾಗೆಲ್ಲ ಕ್ಯಾನ್ಸಲ್ ಮಾಡ್ಲಿಕ್ಕೆ ಆಗುವುದಿಲ್ಲ. ಏಳು ದಿನ ಆಗಿದೆ."

ಉಳಿದ ಎರಡು ದಿನ ಏನಾಯಿತೋ ನನಗೆ ತಿಳಿಯದು. ನಮ್ಮವರು ಮುಂದಿನ ಮ್ಯಾಚು ಸೋತರು. ಕೊನೆಯ ದಿನ, ನಮ್ಮ ಮೈದಾನದಲ್ಲೇ, ಸೋತರೆ ಹೊರಗೆ, ಡ್ರಾ ಆದರೂ ಒಳಗೆ. ಮುಖ್ಯ ಚಾನೆಲ್ಲು ಆರಿಸಿಕೊಂಡದ್ದು ಯಾವ ಮ್ಯಾಚನ್ನು? ನಮ್ಮದನ್ನು!

ಆ ವಾರ ಚಿಕ್ಕಪ್ಪ ಫೋನಿನಲ್ಲಿ ತಾವಾಗಿಯೇ ಒಂದು ಹೊಸ ವಾಕ್ಯ ಆಡಿದರು. "ಕಟ್ಟಿಂಗ್ ಮಾಡಿಸಿದೆ." ಚಿಕ್ಕಮ್ಮ ಫೋನಿಟ್ಟು ನನ್ನ ಮುಖ ನೋಡಿದರು. "ಮದುವೆಯಾದ ಮೇಲೆ ಇದೇ ಮೊದಲು, ಕಟ್ಟಿಂಗ್ ವಿಷಯ ಹೇಳಿದ್ದು. ಅವರಿಗೂ ಆಸೆ ಉಂಟು, ನೋಡು!"

ಮ್ಯಾಚಿನ ಸಂಜೆ ನಮ್ಮ ಹಾಲಿನಲ್ಲಿ ಭಜನೆಯವರು, ಲೀನಾ ಬಾಯಿ, ದೊಡ್ಡ ತಟ್ಟೆಯಲ್ಲಿ ಗೋಳಿಬಜೆ. ಸ್ವಲ್ಪ ಹೊತ್ತಿಗೇ ನಮ್ಮವನೊಬ್ಬ ಉರುಳಿದ. "ಬಿದ್ದ! ಬಿದ್ದ!" ಎಂದು ಇಡೀ ಕೋಣೆ ಕುಣಿಯಿತು. ರೆಫ್ರಿ ಕೈ ಮಾಡಿದ. ತೆರೆಯ ಮೂಲೆಯಲ್ಲಿ ಸ್ಟ್ರೆಚರಿನ ಮೂತಿ ಕಂಡಿತು, ಅಷ್ಟರಲ್ಲಿ ಅವನು ಬಿದ್ದದ್ದನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸತೊಡಗಿದರು. ಮುಗಿಯುವಾಗ ಮೈದಾನ ಖಾಲಿ.

"ಬಿದ್ದದ್ದು ನೋಡಿ ಆಯ್ತಲ್ಲಾ! ಎತ್ತುವುದು ತೋರಿಸು!" ಚಿಕ್ಕಮ್ಮ ಟಿವಿಗೆ ಜಾಲರಿ ಸೌಟು ತೋರಿಸಿದರು.

ಇನ್ನೊಬ್ಬ ಬಿದ್ದಾಗ ಅಬುಧಾಬಿಯಲ್ಲಿ ಯಾರೋ ಗೋಲು ಹೊಡೆದರಂತೆ, ತೆರೆ ಅಲ್ಲಿಗೆ ಹಾರಿತು. ಮ್ಯಾಚನ್ನು ಆರಿಸುವುದಷ್ಟೇ ಅಲ್ಲ, ಆರಿಸಿದ ಮ್ಯಾಚಿನೊಳಗೂ ಯಾವುದನ್ನು ನೋಡಬೇಕು ಎಂದು ಅವರೇ ಆರಿಸುತ್ತಾರೆ ಎಂಬುದು ನಮಗೆ ಗೊತ್ತಾದದ್ದು ಆಗ.

ಕೊನೆಗೂ ಬಂದರು. ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ನಮ್ಮ ಆಜಾನುಬಾಹು ಡಿಫೆಂಡರ್ ಕೆಳಗೆ ಬಿದ್ದಿದ್ದ, ಕ್ಯಾಮೆರಾ ಅಲ್ಲೇ ನಿಂತಿತು. ಹಿಂದಿನ ತುದಿಯಲ್ಲಿ ಚಿಕ್ಕಪ್ಪ! ಹೊಸ ಕಟ್ಟಿಂಗು, ಕಿವಿ ಎರಡೂ ಚೆನ್ನಾಗಿ ಕಾಣುತ್ತಿದ್ದವು. ಎತ್ತಿದರು. ಕೆಲವು ಹೆಜ್ಜೆ ನಡೆದರು. ಆಮೇಲೆ ಚಿಕ್ಕಪ್ಪನ ಮೊಣಕಾಲು ಮಡಚಿತು. ಸ್ಟ್ರೆಚರ್ ಒಂದು ಬದಿಗೆ ವಾಲಿ ಆಟಗಾರ ಹುಲ್ಲಿಗೆ ಜಾರಿದ. ಜನ ಸಿಳ್ಳೆ ಹಾಕಿದರು. ಕಾಮೆಂಟರಿಯವನ ಅರಬ್ಬಿ ನಮಗೆ ತಿಳಿಯದು, ನಗು ತಿಳಿಯಿತು. ಇನ್ನೊಬ್ಬ ಓಡಿಬಂದು ಚಿಕ್ಕಪ್ಪನನ್ನು ಬದಿಗೆ ಸರಿಸಿ ಹಿಡಿಕೆ ತೆಗೆದುಕೊಂಡ. ಚಿಕ್ಕಪ್ಪ ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಆಟಗಾರನ ಬೂಟು ಹಿಡಿದುಕೊಂಡು ಹಿಂದೆ ನಡೆದರು. ಬೂಟು ಇರಲೇ ಇಲ್ಲ ಎನ್ನುತ್ತಾಳೆ ತಂಗಿ. ಇರಬಹುದು, ಕತೆ ಹೇಳುವಾಗ ನಾನೇ ಕೈಗೆ ಕೊಟ್ಟೆನೋ ಏನೋ, ಬರಿಗೈಯಲ್ಲಿ ನಡೆಯುವುದನ್ನು ನೋಡಲಾಗದೆ.

ಅದನ್ನು ಮಾತ್ರ ಟಿವಿಯವರು ಮತ್ತೆ ತೋರಿಸಿದರು. ನಿಧಾನಗತಿಯಲ್ಲಿ.

"ಅಪ್ಪನಿಗೆ ಎಂತಾಯ್ತು?" ಎಂದು ಕೇಳಿದಳು ತಂಗಿ. ತುಳುವಿನಲ್ಲಿ.

"ಗೋಳಿಬಜೆ ತಣಿಯುತ್ತದೆ, ತಿನ್ನಿ," ಎಂದರು ಚಿಕ್ಕಮ್ಮ.

ಮ್ಯಾಚು ಡ್ರಾ ಆಯಿತು. ಭಜನೆಗೂ ನೊವೆನಾಕ್ಕೂ ಸಮಪಾಲು. ಯಾರೂ ಅದನ್ನು ಜೋರಾಗಿ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಫೋನು ಬಂತು. ಪಾತ್ರೆ ತೊಳೆಯುತ್ತಿದ್ದ ಚಿಕ್ಕಮ್ಮ ಯಾವಾಗಿನಂತೆ ಸ್ಪೀಕರಿಗೆ ಹಾಕಿದರು.

"ಊಟ ಆಯ್ತಾ?"

"ಆಯ್ತು. ನಿಮ್ಮದು?"

"ಆಯ್ತು. ಮ್ಯಾಚು ಹಾಕಿದ್ರಾ? ನಾನು ಕಂಡೆನಾ?"

"ಎಲ್ಲಿ! ಹಾಳಾದವರು!" ಚಿಕ್ಕಮ್ಮನ ದನಿ ಏರಿತು. "ನೀವು ಬರುವ ಹೊತ್ತಿಗೆ ಸರಿಯಾಗಿ ಅಬುಧಾಬಿ ಮ್ಯಾಚಿಗೆ ಹಾರಿದ್ರು. ನಿಮ್ಮ ತಲೆ ಕೂಡ ಕಾಣ್ಲಿಲ್ಲ. ಕಟ್ಟಿಂಗ್ ವೇಸ್ಟ್!"

"ಹೌದಾ," ಎಂದರು ಚಿಕ್ಕಪ್ಪ. "ಹಾಗಾದ್ರೆ ಸರಿ."

"ಕೇಳಿ ಇಲ್ಲಿ. ಮುಂದಿನ ವರ್ಷ ಆ ಡ್ಯೂಟಿ ಬೇಡ ಅಂತ ಹೇಳಿ. ವಾರದ ಕೊನೆಗೆ ಒಬ್ಬಳೇ ಇರ್ಲಿಕ್ಕೆ ನನಗೆ ಆಗುವುದಿಲ್ಲ. ನಿಮಗೋಸ್ಕರ ಅಲ್ಲ, ನನಗೆ."

ಈ ಸಲ ಚಿಕ್ಕಪ್ಪ ವಾದ ಮಾಡಲಿಲ್ಲ. "ಆಯ್ತು, ಹೇಳ್ತೇನೆ," ಎಂದರು. ಚಿಕ್ಕಮ್ಮ ತೊಳೆದಿಟ್ಟಿದ್ದ ಗೋಳಿಬಜೆಯ ತಟ್ಟೆಯನ್ನೇ ಮತ್ತೊಮ್ಮೆ ತೊಳೆದರು.

ಆ ಸುಳ್ಳನ್ನು ಆಮೇಲೆ ಮನೆಯಲ್ಲಿ ಯಾರೂ ಮುರಿಯಲಿಲ್ಲ. ಇಷ್ಟು ವರ್ಷದ ಮೇಲೆ, ಮೊನ್ನೆ ದೇರಾದ ಮೀನು ಮಾರ್ಕೆಟ್ಟಿಗೆ ಜತೆಯಾಗಿ ಹೋಗಿದ್ದಾಗ, ನಾನು ಧೈರ್ಯ ಮಾಡಿ ಚಿಕ್ಕಮ್ಮನನ್ನು ಒಂದು ಮಾತು ಕೇಳಿದೆ. ಅವರು ಬಂಗುಡೆಯ ಕಿವಿರು ಎತ್ತಿ ನೋಡಿ, "ಇದು ನಿನ್ನೆಯದ್ದು," ಎಂದು ಮುಂದಿನ ಅಂಗಡಿಗೆ ನಡೆದರು. ನಾನು ಚೀಲ ಹಿಡಿದುಕೊಂಡು ಇನ್ನೂ ಹಿಂದೆಯೇ ಇದ್ದೇನೆ. ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಅವತ್ತು ಚಿಕ್ಕಪ್ಪ ನಿಮ್ಮ ಮಾತು ನಂಬಿದ್ದರಾ?"