ಮಾತಾಡುತ್ತಾ ನಡೆಯತಕ್ಕದ್ದು

ಬಾಯಿ ಮುಚ್ಚಿಕೊಂಡು ಸಂಸಾರ ಮಾಡಿದ ಗಂಡಸಿಗೆ, ಇನ್ನು ಮೇಲೆ ಬೆಳಿಗ್ಗೆ ಸಂಜೆ ಹೆಂಡತಿಯೊಂದಿಗೆ ಮಾತಾಡತಕ್ಕದ್ದು ಎಂದು ಆಸ್ಪತ್ರೆಯವರೇ ಆಜ್ಞೆ ಹೊರಡಿಸಿದರೆ ಅವನು ಯಾರ ಹತ್ತಿರ ದೂರು ಹೇಳಿಕೊಳ್ಳಬೇಕು? ಆಂಡರ್ಸನ್‌ಪೇಟೆಯ ಹನುಮಂತರಾಯಪ್ಪನವರಿಗೆ ಬಂದ ಕಷ್ಟ ಇದು. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಯಮನ ಮನೆಯ ಗೇಟಿನವರೆಗೆ ಹೋಗಿ ವಾಪಸ್ಸು ಬಂದದ್ದನ್ನು ಅವರು ಸಹಿಸಿಕೊಂಡಿದ್ದರು. ರಕ್ತ ತೆಳುವಾಗಿಸುವ ಮಾತ್ರೆಗಳನ್ನೂ ಸಹಿಸಿಕೊಂಡಿದ್ದರು. ಈ ಮಾತಿನ ಕಷಾಯ ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ವ್ಯಾಯಾಮ ಹೇಳಿಕೊಟ್ಟವಳು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಸಹನ. ಎಲ್ಲವೂ ಮನೆಯಲ್ಲೇ ಮಾಡುವಂಥದ್ದು. ಬೀದಿ ಬಾಗಿಲಿನಿಂದ ಹಿತ್ತಲಿನ ಒಗೆಯುವ ಕಲ್ಲಿನವರೆಗೆ ನಡೆಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಅಡುಗೆಮನೆಯ ಮೆಟ್ಟಿಲು ಹತ್ತಿ ಇಳಿಯುವುದು.

"ಎಷ್ಟು ಜೋರಾಗಿ ನಡೀಬೇಕು ಅನ್ನೋದಕ್ಕೆ ಮಾತೇ ಅಳತೆ ಅಂಕಲ್," ಎಂದಿದ್ದಳು ಅವಳು. "ಮಾತಾಡ್ತಾ ನಡೀರಿ. ವಾಕ್ಯ ಮುಗಿಸೋಕೆ ಉಸಿರು ಸಾಲದೆ ಹೋದ್ರೆ ನಿಂತು ಕೂತ್ಕೊಳ್ಳಿ. ಆಂಟಿ ಜೊತೇಲಿರಲಿ."

(ಆಂಟಿ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು.)

ಹನುಮಂತರಾಯಪ್ಪನವರ ಮೌನಕ್ಕೆ ಕಾರಣವಿತ್ತು. ಮಧುಗಿರಿ ಕಡೆಯಿಂದ ಬಂದು ಕೆಜಿಎಫ್‌ನ ಕಾರ್ಖಾನೆ ಸೇರಿದ ಅವರನ್ನು ಹಾಕಿದ್ದು ಪ್ರೆಸ್ ಶಾಪಿಗೆ. ಅಲ್ಲಿ ಯಂತ್ರಗಳು ತಗಡು ಬಡಿಯುವ ಸದ್ದಿನಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಆದ್ದರಿಂದ ಎಲ್ಲವೂ ಕೈಸನ್ನೆ. ಎತ್ತು, ಇಳಿಸು, ಟೀ ಬಂತು, ಸಾಹೇಬರು ಬಂದರು (ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಳ್ಳುವುದು), ಹೀಗೆ ಒಂದೊಂದಕ್ಕೂ ಒಂದೊಂದು. ಮದುವೆಯಾದ ಮೇಲೆ ಈ ಭಾಷೆ ಮನೆಗೂ ಬಂತು. ಎರಡು ಬೆರಳೆತ್ತಿದರೆ ಕಾಫಿ, ಅಂಗೈ ಅಡ್ಡ ಹಿಡಿದರೆ ಸಾರು ಸಾಕು. ಬೂದಿಕೋಟೆಯಿಂದ ಬಂದ ಹೊಸ ಹೆಂಡತಿ ಚೌಡಮ್ಮನವರು ತಿಂಗಳೊಪ್ಪತ್ತಿನಲ್ಲಿ ಪ್ರೆಸ್ ಶಾಪಿನ ಯಾವ ಹೆಲ್ಪರಿಗೂ ಕಮ್ಮಿಯಿಲ್ಲದಂತೆ ಕಲಿತುಬಿಟ್ಟರು. ಅವರ ತವರಿನವರು ಮಾತ್ರ, ಹುಡುಗನಿಗೆ ಮಾತು ಬರುವುದಿಲ್ಲವೆಂಬುದನ್ನು ಮುಚ್ಚಿಟ್ಟು ಮದುವೆ ಮಾಡಿಸಿದನೆಂದು ಸಂಬಂಧ ತಂದವನ ಮೇಲೆ ಬಹಳ ದಿನ ಹಲ್ಲು ಕಡಿಯುತ್ತಿದ್ದರು.

ಮೊನ್ನೆ ಜೀವ ಉಳಿಸಿದ್ದೂ ಆ ಸನ್ನೆಯೇ. ಉಸಿರು ಕಟ್ಟಿ ಮಾತು ಹೊರಡದೆ ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದರು. ಪ್ರೆಸ್ ಶಾಪಿನಲ್ಲಿ ಹಾಗೆಂದರೆ ಅಪಾಯ, ಮಿಷನ್ ನಿಲ್ಲಿಸು. ಚೌಡಮ್ಮನವರು ಶಿಸ್ತಿನ ಕಾರ್ಮಿಕರಾಗಿ ಮೊದಲು ಮಿಕ್ಸಿ ನಿಲ್ಲಿಸಿದರು, ಆಮೇಲೆ ಗ್ಯಾಸ್ ಆರಿಸಿದರು, ಆಮೇಲೆ ಗಂಡನ ಮುಖ ನೋಡಿ ಬೀದಿಗೆ ಓಡಿ ಆಟೋಗೆ ಅಡ್ಡ ನಿಂತರು. ಅವತ್ತಿನಿಂದ ಗಂಡ ಕೈಯೆತ್ತಿದರೆ ಸಾಕು, ಕಾಫಿಗೆಂದು ಎರಡು ಬೆರಳು ತೋರಿಸಿದರೂ ಸೌಟು ಬಿಸಾಡಿ ಓಡಿ ಬರುತ್ತಿದ್ದರು.

"ಕೈ ಬ್ಯಾಡ, ಬಾಯಲ್ಲಿ ಏಳಿ," ಎಂದರು ಕೊನೆಗೊಂದು ದಿನ. "ನಿಮ್ಮ ಕೈ ನೋಡಿದ್ರೆ ನಂಗೆ ಬಯ ಆಯ್ತದೆ."

ಹನುಮಂತರಾಯಪ್ಪನವರು ಎತ್ತಿದ್ದ ಎರಡು ಬೆರಳನ್ನೂ ಮಡಚಿಕೊಂಡರು. ಆದರೆ ಅವರಿಗೂ ಒಂದು ಆಸೆಯಿತ್ತು. ಪ್ರೆಸ್ ಶಾಪಿನಿಂದ ನಿವೃತ್ತರಾದ ಗೆಳೆಯರ ತಂಡವೊಂದು ತಿಂಗಳ ಮೊದಲ ಭಾನುವಾರ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿಂದು ಬರುವ ಪದ್ಧತಿ. ಚಾಂಪಿಯನ್ ರೀಫ್ಸ್‌ನ ಸೀನಪ್ಪ ಅದರ ಮುಖಂಡ. ಕಾಯಿಲೆ ಬಿದ್ದ ಮೇಲೆ ಹನುಮಂತರಾಯಪ್ಪನವರ ಸೀಟು ಖಾಲಿಯಿತ್ತು. ಇನ್ನೊಂದೆರಡು ಭಾನುವಾರ ತಪ್ಪಿದರೆ ತಾವು ಶಾಶ್ವತವಾಗಿ ರೋಗಿಯಾಗಿಯೇ ಉಳಿದುಬಿಡುತ್ತೇವೆಂದು ಅವರಿಗೆ ಒಳಗೊಳಗೇ ದಿಗಿಲು. ಚೌಡಮ್ಮನವರ ತೀರ್ಪು ಖಡಾಖಂಡಿತವಾಗಿತ್ತು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೇಲ್ಸೇತುವೆ ಹತ್ತಬೇಕು. ಮಾತು ಕಡಿಯದೆ ಮೆಟ್ಟಿಲು ಹತ್ತುವ ತನಕ ರೈಲಿಲ್ಲ.

ಹನುಮಂತರಾಯಪ್ಪನವರು ಒಂದು ಉಪಾಯ ಹೂಡಿದರು. ವಾಕ್ಯ ಮುಗಿಯಬೇಕು ತಾನೆ? ವಾಕ್ಯವನ್ನೇ ಚಿಕ್ಕದು ಮಾಡಿದರಾಯಿತು. ಒಗೆಯುವ ಕಲ್ಲಿನವರೆಗೆ 'ಹೂಂ', ವಾಪಸ್ಸು ಬರುತ್ತಾ 'ಬಿಸಿಲು', ತಿರುಗಿ ಹೋಗುತ್ತಾ 'ಹಾಲು ಬಂತಾ'. ಪರೀಕ್ಷಕರು ಮೂರನೆಯ ದಿನಕ್ಕೇ ಕಳ್ಳತನ ಹಿಡಿದರು.

"ಇದೆಲ್ಲಾ ಲೆಕ್ಕಕ್ಕಿಲ್ಲ ಕಣ್ರೀ. ನಂಗೆ ಗೊತ್ತಿಲ್ದಿರೋದು ಏನಾನಾ ಏಳಿ."

ಇಷ್ಟು ವರ್ಷ ಜೊತೆಗಿದ್ದ ಹೆಂಗಸಿಗೆ ಗೊತ್ತಿಲ್ಲದ್ದನ್ನು ಎಲ್ಲಿಂದ ತರುವುದು? ಹನುಮಂತರಾಯಪ್ಪನವರು ಬೀದಿ ಬಾಗಿಲಿಗೂ ಹಿತ್ತಲಿಗೂ ನಡುವೆ ನಿಂತು ಯೋಚಿಸಿದರು. ಗಣಿ ಇನ್ನೂ ನಡೆಯುತ್ತಿದ್ದ ಕಾಲ ನೆನಪಾಯಿತು. ಆಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತಿದ್ದವು, ಏರ್‌ಬ್ಲಾಸ್ಟ್ ಆಯಿತು ಎನ್ನುತ್ತಿದ್ದರು. ಚೌಡಮ್ಮನವರು ಮನೆಗೆ ಬಂದ ಹೊಸತರಲ್ಲಿ ಅಂಥದೊಂದಾಗಿ, ಗೂಡಿನ ಪಾತ್ರೆಗಳೆಲ್ಲ ಕುಣಿದು, ಮದುಮಗಳು ಹಾಲಿನ ಪಾತ್ರೆ ಎದೆಗವಚಿಕೊಂಡು ಬೀದಿಗೆ ಓಡಿದ್ದಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ಅವತ್ತು ಏರ್‌ಬ್ಲಾಸ್ಟ್ ಆದಾಗ ನಾನು ಕೈಯಾಡಿಸಿ ಏನೂ ಆಗಲ್ಲ ಅಂದೆನಲ್ಲ," ಎಂದರು ನಡೆಯುತ್ತಾ. "ನನಗೂ ಭಯ ಆಗಿತ್ತು ಚೌಡಿ. ನಾನಿದೀನಿ, ಹೆದರಬೇಡ ಅಂತ ಬಾಯಲ್ಲೇ ಹೇಳಬೇಕು ಅಂತಿದ್ದೆ. ಬೀದಿ ತುಂಬ ಜನ ಇದ್ರು, ನಾಚಿಕೆಯಾಯ್ತು."

ವಾಕ್ಯಗಳು ಮುಗಿದಿದ್ದವು. ಉಸಿರು ಉಳಿದಿತ್ತು. ಚೌಡಮ್ಮನವರು ಒಗೆಯುವ ಕಲ್ಲಿನ ಹತ್ತಿರ ನಿಂತು ಸೆರಗಿನಿಂದ ಮುಖವನ್ನೊಮ್ಮೆ ಒರೆಸಿಕೊಂಡು, ಆಮೇಲೆ, ಎಂದು ಕೇಳಿದರು.

ಆಮೇಲೆ ಕಟ್ಟೆ ಒಡೆಯಿತು. ಮದುವೆಯ ಹೊಸತರಲ್ಲಿ ಸಂಬಳದ ಮರುದಿನ ಇಬ್ಬರೂ ರೈಲಿನಲ್ಲಿ ಬಂಗಾರಪೇಟೆಗೆ ಹೋದದ್ದು, ಪಾನಿಪುರಿಯ ತಿಳಿನೀರು ನೋಡಿ ಇವನು ಮಸಾಲೆ ಮರೆತು ಬರೀ ನೀರು ಹಾಕಿಕೊಟ್ಟಿದ್ದಾನೆಂದು ಚೌಡಮ್ಮ ಜಗಳಕ್ಕೆ ಹೋದದ್ದು, ಬಾಯಿಗೆ ಹಾಕಿಕೊಂಡ ಮೇಲೆ ಖಾರ ನೆತ್ತಿಗೇರಿ ಸೀನಿದ್ದು, ಆ ಸೀನಿನಲ್ಲಿ ಮೂಗುತಿ ಹಾರಿಹೋಗಿ ಪಾನಿಪುರಿಯವನೂ ಸೇರಿ ಎಲ್ಲರೂ ನೆಲ ತಡಕಿದ್ದು. ಚೌಡಮ್ಮನವರು ನಡುನಡುವೆ ತಿದ್ದುತ್ತಿದ್ದರು. ಮೂಗುತಿಯಲ್ಲ, ಅದರ ತಿರುಪು ಮಾತ್ರ. ತಿರುಪೋ ಮೂಗುತಿಯೋ ಎಂಬ ವಾದದಲ್ಲಿ ಅಡುಗೆಮನೆ ಮೆಟ್ಟಿಲನ್ನು ಹತ್ತಿ ಇಳಿದದ್ದು ಇಬ್ಬರಿಗೂ ತಿಳಿಯಲಿಲ್ಲ. ದಿನ ಕಳೆದಂತೆ ನಡಿಗೆ ಹಿತ್ತಲು ಬಿಟ್ಟು ಬೀದಿಗಿಳಿಯಿತು, ಬೀದಿಯಿಂದ ಸ್ಕೂಲಿನ ತಿರುವಿಗೆ ಮುಟ್ಟಿತು. ಸಹನಳೂ ಪರೀಕ್ಷೆ ಮಾಡಿ ರೈಲು ಹತ್ತಲಡ್ಡಿಯಿಲ್ಲ ಎಂದಳು.

ಮುಂದಿನ ತಿಂಗಳ ಮೊದಲ ಭಾನುವಾರ ಹನುಮಂತರಾಯಪ್ಪನವರು ಇಸ್ತ್ರಿ ಅಂಗಿ ತೊಟ್ಟು ದಿಗ್ವಿಜಯಕ್ಕೆ ಹೊರಟರು. ಮೇಲ್ವಿಚಾರಣೆಗೆ ಚೌಡಮ್ಮನವರೂ ಹೊರಟರು. ಬಂಗಾರಪೇಟೆ ಬಂದಾಗ ಹನುಮಂತರಾಯಪ್ಪನವರು ಮೇಲ್ಸೇತುವೆಯ ಮೊದಲ ಮೆಟ್ಟಿಲಲ್ಲಿ ಶುರುಮಾಡಿದ ಕಥೆಯನ್ನು ಕೊನೆಯ ಮೆಟ್ಟಿಲಲ್ಲಿ ಒಂದಕ್ಷರ ನುಂಗದೆ ಮುಗಿಸಿದರು. ಭೇಷ್ ಅನ್ನಿಸಿಕೊಳ್ಳಲು ತಿರುಗಿ ನೋಡಿದರೆ ಪಕ್ಕದಲ್ಲಿ ಚೌಡಮ್ಮನವರೊಬ್ಬರೇ. ಸೀನಪ್ಪ ಮತ್ತು ಇನ್ನಿಬ್ಬರು ಅರ್ಧ ದಾರಿಯಲ್ಲಿ ಕಂಬಿ ಹಿಡಿದು ಕೂತಿದ್ದರು. ಮೂವರೂ ಏದುಸಿರು ಬಿಡುತ್ತಾ, ತಡಿ ತಡಿ ಎಂದು ಕೈಸನ್ನೆ ಮಾಡುತ್ತಿದ್ದರು.

ಹನುಮಂತರಾಯಪ್ಪನವರಿಗೆ ಸ್ವರ್ಗ ಮೂರೇ ಗೇಣು. ಚೌಡಮ್ಮನವರ ಮುಖ ಮಾತ್ರ ಬಿಳಿಚಿಕೊಂಡಿತು. ಆ ಕೈಗಳನ್ನೇ ನೋಡುತ್ತಾ ಸರಸರನೆ ಇಳಿದುಹೋದರು.

"ಯಾಕಣ್ಣಾ, ಮಾತು ಬರ್ತಾ ಇಲ್ವಾ?" ಎಂದು ಸೀನಪ್ಪನ ಎದುರು ನಿಂತರು. "ಓಗಿ ಡಾಕ್ಟ್ರುಗೆ ತೋರಿಸ್ಕೊಂಡು, ಮೂರು ಜನಾನೂ ನಮ್ಮನೆಗೆ ಬಂದ್ಬಿಡಿ. ದಿನಾ ಬೆಳಿಗ್ಗೆ."

ಬಂದರು. ಡಾಕ್ಟರು ನೋಡಿ, ಮೂವರಿಗೂ ಕೂತು ಕೂತು ಮೈ ಜಡ್ಡುಗಟ್ಟಿದೆ, ನಡೆಯಿರಿ ಎಂದಿದ್ದರಂತೆ. ಈಗ ಬೆಳಗಾದರೆ ಬೀದಿ ಬಾಗಿಲಿನಿಂದ ಒಗೆಯುವ ಕಲ್ಲಿನವರೆಗೆ ಪ್ರೆಸ್ ಶಾಪಿನ ಮೆರವಣಿಗೆ. ಮುಂದೆ ಚೌಡಮ್ಮನವರು, ಪಕ್ಕದಲ್ಲಿ ಗಣಿಯ ಕಾಲದ ಕಥೆ ಹೇಳುತ್ತಾ ಸೀನಪ್ಪ, ಹಿಂದೆ ತಮ್ಮ ಸರದಿಗೆ ಕಾಯುತ್ತಾ ಇನ್ನಿಬ್ಬರು. ಎಲ್ಲರಿಗಿಂತ ಹಿಂದೆ ಮನೆಯ ಯಜಮಾನರು. (ತಿಂಡಿಯೂ ಇದೇ ಕ್ರಮದಲ್ಲಿ.)

ಒಂದು ದಿನ ತಡೆಯಲಾರದೆ ಹನುಮಂತರಾಯಪ್ಪನವರು ನುಗ್ಗಿ ಮುಂದೆ ಬಂದರು. ರಾತ್ರಿಯೇ ನೆನಪು ಮಾಡಿಟ್ಟುಕೊಂಡ ಕಥೆ, ಇದುವರೆಗೆ ಯಾರಿಗೂ ಹೇಳದ್ದು.

"ಚೌಡೀ, ನಿನ್ನನ್ನ ನೋಡೋಕೆ ಬೂದಿಕೋಟೆಗೆ ಬಂದ ದಿನ ನಾನು..."

"ನೀವು ಸುಮ್ಕೆ ನಡೀರಿ," ಎಂದರು ಚೌಡಮ್ಮನವರು, ತಿರುಗಿಯೂ ನೋಡದೆ. "ನಿಮ್ದು ಪಾಸಾಯ್ತಲ್ಲ. ಏಳಣ್ಣಾ ಸೀನಪ್ಪಣ್ಣ, ಆಮೇಲೆ?"

ಹನುಮಂತರಾಯಪ್ಪನವರ ಎದೆಯ ತುಂಬ ಉಸಿರಿತ್ತು. ಕೇಳುವ ಕಿವಿ ಸೀನಪ್ಪನ ಪಾಲಾಗಿತ್ತು.