ಜೆಲ್ಲಿ ತಿಂದವರ ಸಾಲು

ಪಕ್ಕದ ಮನೆಯವರ ಕಾರನ್ನೋ ಫ್ರಿಜ್ಜನ್ನೋ ನೋಡಿ ಕರುಬುವವರನ್ನು ಲೋಕ ಅರ್ಥಮಾಡಿಕೊಳ್ಳುತ್ತದೆ. ನನ್ನ ಹೊಟ್ಟೆಕಿಚ್ಚು ಅಂಥದ್ದಲ್ಲ, ಹಾಗಾಗಿ ಹೇಳಿಕೊಳ್ಳುವುದೂ ಕಷ್ಟ. ನಾನು ಕರುಬಿದ್ದು ಒಬ್ಬರ ಸಸ್ಯಾಹಾರವನ್ನು ಕಂಡು. ಹಾಗೆಂದು ನಾನೇನೂ ಕೋಳಿ ತಿನ್ನುವವನಲ್ಲ. ನಮ್ಮದೂ ವಿಭೂತಿ ಹಚ್ಚುವ ಮನೆ, ಮೊಟ್ಟೆ ಕೂಡ ಹೊಸಿಲು ದಾಟಿ ಬಂದದ್ದಿಲ್ಲ. ಆದರೂ ಮದರಾಸಿನ ಕ್ರೋಂಪೇಟೆಯ ನಮ್ಮ ಫ್ಲಾಟುಗಳಲ್ಲಿ ಸಸ್ಯಾಹಾರಿ ಎಂದರೆ ಮೊದಲ ಮಹಡಿಯ ಶೇಷಗಿರಿರಾಯರು ಒಬ್ಬರೇ. ನಾನು ಬರೀ ಸೊಪ್ಪಿನ ಸಾರು ತಿನ್ನುವವನು.

ರಾಯರ ಮನೆತನ ಮದರಾಸಿಗೆ ಬಂದದ್ದು ಅವರ ತಾತನ ಕಾಲದಲ್ಲಿ. ಬ್ಯಾಂಕಿನ ಕೆಲಸ, ಹಣೆಯ ಮೇಲೆ ಅಂಗಾರ ಅಕ್ಷತೆ, ಬಾಟಲಿಯನ್ನು ತುಟಿಗೆ ತಾಕಿಸದೆ ಎತ್ತಿ ಕುಡಿಯುವ ಠೀವಿ. ಹೊರಗೆ ಎಲ್ಲಿ ಹೋದರೂ ಕೌಂಟರಿನಲ್ಲಿ "ಪ್ಯೂರ್ ವೆಜ್ ತಾನೇ?" ಎಂದು ಕೇಳಿಯೇ ತಿನ್ನುತ್ತಾರೆ. ಕೇಳಿ ತಿಂದರೆ ದೋಷವೆಲ್ಲ ಹೇಳಿದವನಿಗೆ ಎನ್ನುವುದು ಅವರ ಸಿದ್ಧಾಂತ. ಹೊಸ ಬಿಸ್ಕತ್ತು ಬಂದರೂ ಹೆಂಗಸರೆಲ್ಲ "ರಾಯರು ತಿಂದರಾ?" ಎಂದು ವಿಚಾರಿಸುವರು. ನಾನೋ ನಮ್ಮ ವಂಶದ ಮೊದಲ ಪದವೀಧರ. ಗುಂಡ್ಲುಪೇಟೆ ಕಡೆಯ ಹಳ್ಳಿಯಲ್ಲಿ ಹೆಬ್ಬೆಟ್ಟಿನ ಅಪ್ಪನಿಗೆ ಹುಟ್ಟಿ, ಹಾಸ್ಟೆಲಿನ ನೀರು ಸಾರು ಕುಡಿದು ಬಿ.ಎಸ್ಸಿ. ಕೆಮಿಸ್ಟ್ರಿ ಪಾಸು ಮಾಡಿದವನು. ಈಗ ಚರ್ಮ ಹದಮಾಡುವ ಕಾರ್ಖಾನೆಗಳಿಗೆ ರಾಸಾಯನಿಕ ಒದಗಿಸುವ ಕಂಪನಿಯ ಲ್ಯಾಬಿನಲ್ಲಿದ್ದೇನೆ. ಯಾವ ತಿಂಡಿಯಲ್ಲಿ ಏನಿದೆ ಎಂದು ನ್ಯಾಯವಾಗಿ ಕೇಳಬೇಕಾದದ್ದು ನನ್ನನ್ನು. ಆದರೆ ಫ್ಲಾಟಿನವರು ನನ್ನನ್ನು ಕೇಳಿದ್ದು ನೀರಿನ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಅಂತ.

ಇಂಥದ್ದರಲ್ಲಿ ನಮ್ಮ ರಸ್ತೆಗೊಂದು ಫಾಸ್ಟ್ ಫುಡ್ ಅಂಗಡಿ ಬಂತು. ರಾಯರು ಮಗನ ಬರ್ತ್‌ಡೇಗೆಂದು ಫ್ಲಾಟಿನವರನ್ನೆಲ್ಲ ಅಲ್ಲಿಗೆ ಕರೆದರು. ಹೊಟ್ಟೆ ಸರಿಯಿಲ್ಲ ಎಂದು ನಾನು ಹೋಗಲಿಲ್ಲ. ಒಂದು ಲೆಕ್ಕದಲ್ಲಿ ಅದು ನಿಜವೇ. ಮಗಳು ಕೆಂಪು ನಾಲಗೆ ಚಾಚುತ್ತ ಬಂದಳು. "ಬರ್ಗರ್ ಜೊತೆ ಜೆಲ್ಲಿ ಕೊಟ್ರಪ್ಪಾ, ಸೂಪರ್. ವೆಜ್ಜಾ ಅಂತ ಮಾಮಾ ಕೇಟ್ಟಾಚು" ಎಂದಳು, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ. ಮಾಮಾ ಎಂದರೆ ರಾಯರು, ಅವರು ಕೇಳಿಯಾಗಿದೆ ಎಂದರ್ಥ.

"ಅದು ಗಟ್ಟಿಯಾಗೋದು ಹೇಗೆ ಅಂತ ಕೇಳಿದ್ರಾ ನಿಮ್ಮ ಮಾಮಾ?"

"ಫ್ರಿಜ್ಜಲ್ಲಿ ಇಟ್ರೆ ಗಟ್ಟಿಯಾಗತ್ತೆ. ಅದೂ ಗೊತ್ತಿಲ್ವಾ ನಿಂಗೆ?"

ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಚರ್ಮದ ಚೂರುಪಾರು ತುಂಬಿದ ಲಾರಿಗಳು ಜೆಲ್ಲಿಯನ್ನು ಗಟ್ಟಿಮಾಡುವ ಜೆಲಾಟಿನ್ ತಯಾರಿಸುವಲ್ಲಿಗೆ ಹೊರಡುವುದನ್ನು ಮೂಗು ಮುಚ್ಚಿಕೊಂಡು ದಿನಾ ನೋಡುವವನು ನಾನು. ಮಾರನೆಯ ದಿನ ಅಂಗಡಿಗೆ ಹೋಗಿ ಟೈ ಕಟ್ಟಿದ ಮ್ಯಾನೇಜರನನ್ನು ಹಿಡಿದೆ. ಜೆಲ್ಲಿಗೆ ಏನು ಹಾಕುತ್ತೀರಿ ಎಂದರೆ, ಪೌಡರ್ ಸಾರ್ ಎಂದ. ಯಾವ ಪೌಡರ್ ಎಂದದ್ದಕ್ಕೆ ಒಳಗೆ ಹೋಗಿ ಡಬ್ಬ ನೋಡಿ ಬಂದು, "ಜೆಲಾಟಿನ್ ಸಾರ್. ಆದರೆ ಅದಕ್ಕೆ ರುಚಿಯೇ ಇರೋದಿಲ್ಲ, ಯಾರಿಗೂ ತಿಳಿಯೋದಿಲ್ಲ" ಎಂದು ತಮಿಳಿನಲ್ಲಿ ನನಗೇ ಸಮಾಧಾನ ಹೇಳಿದ. ಮಾಂಸ ತಿನ್ನದವನಿಗೆ ಅಂಗಡಿಯವನ ಒಂದು ಮಾತಿನ ಹೊರತು ಬೇರೆ ಆಸರೆ ಏನಿದೆ? ಅವನ ಮೇಲೆ ಕೂಗಾಡಬೇಕಿತ್ತು. ಬದಲಿಗೆ ಹಬ್ಬದ ಉಡುಗೊರೆ ಸಿಕ್ಕವನಂತೆ ಮನೆಗೆ ಓಡಿದೆ.

ಮೆಟ್ಟಿಲ ಹತ್ತಿರ ಎಲ್ಲರ ಎದುರಿಗೇ ಹೇಳಿದೆ. ರಾಯರ ಮುಖ ಬಿಳಿಚಿಕೊಂಡಿತು. ಆಗ ನನಗಾದ ಸಂತೋಷವನ್ನು ಬರೆಯಲು ನಾಚಿಕೆಯಾಗುತ್ತದೆ. ಅದು ಹೆಚ್ಚು ಹೊತ್ತು ಉಳಿಯಲೂ ಇಲ್ಲ. "ಒಳ್ಳೇದ್ ಮಾಡಿದ್ರಿ ಶಿವಣ್ಣ. ಮಕ್ಕಳ ಬಾಯಿಗೂ ನಾನೇ ಹಾಕಿಸ್ಬಿಟ್ಟೆ ಪಾ" ಎಂದು ಅವರು ಕಣ್ಣೊರೆಸಿಕೊಂಡರು. ಭಾನುವಾರ ತಮ್ಮ ಮನೆಯಲ್ಲಿ ಪ್ರಾಯಶ್ಚಿತ್ತ, ತಿರುವಲ್ಲಿಕ್ಕೇಣಿಯಿಂದ ಪುರೋಹಿತರು ಬರುತ್ತಾರೆ, ತಿಂದವರಲ್ಲಿ ಇಷ್ಟವಿದ್ದವರೆಲ್ಲ ಬನ್ನಿ ಎಂದರು. "ಎಂಥಾ ಮನುಷ್ಯ!" ಎಂದಿತು ಇಡೀ ಫ್ಲಾಟು. ಕಂಡುಹಿಡಿದವನು ಯಾರೆಂಬುದು ಅಲ್ಲಿಗೇ ಮರೆತುಹೋಯಿತು. ಮೋಸಹೋದವರಿಗೆ ಹೋಮ, ಪಾಯಸ. ಹೋಗದವನಿಗೆ ಏನೂ ಇಲ್ಲ. ನಾನು ಜೆಲ್ಲಿ ತಿಂದಿಲ್ಲವಲ್ಲ ಎಂದು ಮಗಳು ಕೂಡ "ಅಯ್ಯೋ ಪಾವಂ" ಎಂದು ಮರುಗಿದಳು.

ಭಾನುವಾರ ರಾಯರ ಮನೆಯ ಪಡಸಾಲೆಯಲ್ಲಿ ಪುರೋಹಿತರು "ತಿಂದೋರು ಮಾತ್ರ ಸಾಲಾಗಿ ಬನ್ನಿ" ಎಂದಾಗ ಎಲ್ಲರೂ ಎದ್ದರು. ಚಪ್ಪಲಿಗಳ ಪಕ್ಕ ನಿಂತಿದ್ದ ನಾನೂ ಹೋಗಿ ಸಾಲಿಗೆ ಸೇರಿಕೊಂಡೆ. ಹೆಂಡತಿ ಅಂಗಿ ಹಿಡಿದು ಜಗ್ಗಿದಳು. "ನೀವೆಲ್ಲಿ ತಿಂದ್ರಿ? ಅವತ್ತು ಮನೇಲಿ ಉಪ್ಪಿಟ್ಟು ತಿನ್ಕೊಂಡು ಕೂತಿದ್ರಲ್ಲ."

"ವಿಚಾರಿಸೋಕೆ ಹೋದಾಗ ಎರಡು ಚಮಚ ತಿಂದೆ ಕಣೇ" ಎಂದೆ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ.

ಪುರೋಹಿತರು ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ ಎಂದು ಪಂಚಗವ್ಯದಲ್ಲಿದ್ದುದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹೇಳಿ ನನ್ನ ಅಂಗೈಗೆ ಹಾಕಿದರು. ಕಣ್ಣು ಮುಚ್ಚಿ ಬಾಯಿಗೆ ಸುರಿದುಕೊಂಡೆ. ಅಷ್ಟರಲ್ಲಿ ರಾಯರು ಬಂದು ಹೆಗಲ ಮೇಲೆ ಕೈಯಿಟ್ಟರು.

"ನಾವಾದ್ರೆ ತಿಳೀದೆ ತಿಂದ್ವಿ ಶಿವಣ್ಣ. ನೀವು ಬಿ.ಎಸ್ಸಿ. ಓದ್ಬಿಟ್ಟು, ಅದ್ರಲ್ಲಿ ಏನಿದೆ ಅಂತ ಗೊತ್ತಿದ್ದೂ ಹೇಗೆ ತಿಂದ್ರಿ?"

ಮಂತ್ರ ನಿಂತಿತು. ಎಲ್ಲರೂ ನನ್ನತ್ತ ತಿರುಗಿದರು. ತಿಂಡಿಯ ವಿಷಯಕ್ಕೆ ಆ ಫ್ಲಾಟು ನನ್ನ ಅಭಿಪ್ರಾಯ ಕೇಳಿ ಕಾದು ನಿಂತಿದ್ದು ಅದೇ ಮೊದಲು. ಉತ್ತರ ಹೇಳೋಣವೆಂದರೆ ಬಾಯಲ್ಲಿ ಪಂಚಗವ್ಯ. ಉಗುಳುವ ಹಾಗೂ ಇಲ್ಲ.