ಗಟ್ಟಿಮೇಳ ಕೇಳಿಸಿತು, ಅಕ್ಷತೆ ಕಾಣಲಿಲ್ಲ

ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವವರ ಪೈಕಿ ನಾನು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಗಾಗಿ ಯಲಹಂಕದ ನಮ್ಮ ಆಫೀಸಿನ ರಫೀಕ್ ನನ್ನ ಮುದಿ ಲ್ಯಾಪ್‌ಟಾಪ್ ನೋಡಿ, "ಗುರು, ಲಿನಕ್ಸ್ ಹಾಕ್ಕೋ. ಫುಲ್ ಫ್ರೀ. ಹೊಸಬ್ರಿಗೂ ಸಿಕ್ಕಾಪಟ್ಟೆ ಈಸಿ" ಎಂದಾಗ, ಹಿಂದೆಮುಂದೆ ನೋಡದೆ ಲ್ಯಾಪ್‌ಟಾಪ್ ನಡೆಸುವ ಹಳೆಯ ತಂತ್ರಾಂಶವನ್ನು ಕಿತ್ತು ಈ ಪುಕ್ಕಟೆ ವ್ಯವಸ್ಥೆಯನ್ನು ಹಾಕಿಸಿಕೊಂಡೆ. ಹಾಕಿಸಿಕೊಂಡು ಸುಮ್ಮನಿದ್ದೆನೇ? ವಿದ್ಯಾರಣ್ಯಪುರದ ಬಸ್ಸಿನಲ್ಲಿ, ಮದುವೆ ಮುಂಜಿಗಳಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಅದರ ಗುಣಗಾನ ಮಾಡಿದೆ. ಅದರಲ್ಲಿ ಒಂದು ವಿಡಿಯೊ ಹಾಕಿ ನೋಡುವ ಪ್ರಸಂಗ ಮಾತ್ರ ಬಂದಿರಲಿಲ್ಲ.

ಬಂತು. ನನ್ನ ಹೆಂಡತಿ ಸುಮಾಳ ತಮ್ಮ ನವೀನ ತನ್ನ ಮದುವೆಯಾದಾಗಿನಿಂದ ನನ್ನೊಡನೆ ಮಾತು ಬಿಟ್ಟಿದ್ದ. ಮುಹೂರ್ತದಲ್ಲಿ ಭಾವ ಅಕ್ಷತೆಯನ್ನೇ ಹಾಕಲಿಲ್ಲವೆಂದು ಯಾರೋ ಪುಣ್ಯಾತ್ಮರು ಅವನ ಕಿವಿ ಕಚ್ಚಿದ್ದರು. ನನಗೆ ಮೈಯೆಲ್ಲ ಉರಿಯಿತು. ಬೆಳಗಿನ ಐದಕ್ಕೆದ್ದು, ರೇಷ್ಮೆ ಪಂಚೆ ಉಟ್ಟು, ಮುಂದಿನ ಸಾಲಿನಲ್ಲೇ ನಿಂತಿದ್ದವನು ನಾನು! ಸುಮಾ ಕಣ್ಣೊರೆಸಿಕೊಂಡು, "ಹಾಕಿದ್ರೋ ಇಲ್ವೋ, ಅಷ್ಟು ಹೇಳಿ. ನಂಗಿರೋದು ಒಬ್ನೇ ತಮ್ಮ ಕಣ್ರೀ" ಎಂದಳು. "ಭಾನುವಾರ ಗಂಡ ಹೆಂಡ್ತಿ ಇಬ್ಬರನ್ನೂ ಊಟಕ್ಕೆ ಕರಿ. ಮದುವೆ ವಿಡಿಯೊದಲ್ಲೇ ತೋರಿಸ್ತೀನಿ" ಎಂದು ಸವಾಲು ಹಾಕಿದೆ.

ವಿಡಿಯೊ ಪೆನ್ ಡ್ರೈವಿನಲ್ಲಿತ್ತು. ನಮ್ಮ ಹಳೆಯ ಟಿವಿಯಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ. ಶನಿವಾರ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಗಟ್ಟಿಮೇಳ ಜೋರಾಗಿ ಕೇಳಿಸಿತು, ಪರದೆ ಮಾತ್ರ ಕಪ್ಪು. ಕೆಳಗೊಂದು ಸಾಲು: ಬೇಕಾದ ಕೋಡೆಕ್ ಇಲ್ಲ. ಕೋಡೆಕ್ ಎಂದರೆ ಮಡಿಚಿಟ್ಟ ವಿಡಿಯೊವನ್ನು ಬಿಡಿಸಿ ತೋರಿಸುವ ಸಣ್ಣ ತಂತ್ರಾಂಶವಂತೆ. ಪೇಟೆಂಟಿನ ತಕರಾರಿರುವುದರಿಂದ ಲಿನಕ್ಸಿನವರು ಅದನ್ನು ಜೊತೆಗೆ ಕೊಡುವುದಿಲ್ಲವಂತೆ. ನಾವೇ ಹುಡುಕಿ ಹಾಕಿಕೊಳ್ಳಬೇಕಂತೆ. ಹಾಕಿಕೊಳ್ಳುವ ಮುನ್ನ ನಮ್ಮ ದೇಶದ ಕಾನೂನು ಒಪ್ಪುತ್ತದೆಯೇ ನೋಡಿಕೊಳ್ಳಬೇಕಂತೆ. ಅಲ್ಲ ಸ್ವಾಮಿ, ನನ್ನ ಭಾಮೈದನ ಮದುವೆಯನ್ನು ನನ್ನ ಮನೆಯಲ್ಲಿ ಕೂತು ನೋಡಲು ನಾನು ವಕೀಲರನ್ನು ಕೇಳಬೇಕೇ? ಊಟಕ್ಕೆ ಕರೆದು, ಎಲೆ ಹಾಕಿ, "ಅನ್ನ ನೀವೇ ಬೇಯಿಸಿಕೊಳ್ಳಿ, ಬೇಯಿಸುವುದು ನಿಮ್ಮೂರಲ್ಲಿ ಅಪರಾಧವೇನೋ ವಿಚಾರಿಸಿಕೊಳ್ಳಿ" ಎಂದ ಹಾಗಾಯಿತು. ಅಂತರ್ಜಾಲದ ಚರ್ಚಾಕೂಟದಲ್ಲಿ ಕೇಳಿದರೆ ಒಬ್ಬ, ಮೊದಲು ಕೈಪಿಡಿ ಓದಿ ಎಂದ. ಇನ್ನೊಬ್ಬ, ಆ ಬಗೆಯ ವಿಡಿಯೊ ತೆಗೆಸಿದ್ದೇ ತಪ್ಪು ಎಂದ. ಹಾಗಾದರೆ ನವೀನನಿಗೆ ಇನ್ನೊಂದು ಮದುವೆ ಮಾಡಿಸಲೇ? ಹೊಸಬರಿಗೆ ಸುಲಭವಂತೆ, ಸುಲಭ! ಯಾವ ಊರಿನ ಹೊಸಬರಿಗೋ.

ಭಾನುವಾರ ನವೀನ ಹೆಂಡತಿಯೊಡನೆ ಬಂದ. ಸೋಫಾದ ತುದಿಯಲ್ಲಿ ಹೊರಗಿನವನ ಹಾಗೆ ಕೂತ. ಸದ್ದನ್ನಷ್ಟೇ ಕೇಳಿಸಿ, "ನೋಡು, ಈಗ ಹಾಕ್ದೆ" ಎಂದೆ.

"ಅಕ್ಷತೆ ಸೌಂಡ್ ಮಾಡುತ್ತಾ ಭಾವ?" ಎಂದ. ಅದು ತಿಂಗಳುಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು.

ಮಾನ ಹೋಗುವುದರೊಳಗೆ ರಫೀಕನಿಗೆ ಫೋನ್ ಮಾಡಿದೆ. ಕೋಡೆಕ್ ಹಾಕಿಕೊಳ್ಳಲು ಅವನು ಹೇಳಿದ ಆದೇಶದ ಸಾಲನ್ನು ಒಂದೊಂದೇ ಅಕ್ಷರ ಕುಟ್ಟಿದೆ. "ಖಂಡಿತ ಮುಂದುವರಿಯಬೇಕೇ?" ಎಂದು ಯಂತ್ರ ಕೇಳಿತು. ಕೇಳುವುದು ಬೇರೆ ಕೇಡು ಎಂದು ಬೈಯುತ್ತಲೇ ಹೌದು ಒತ್ತಿದೆ.

ಚಿತ್ರ ಬಂತು. ನಾನು ಹೇಳಿದಂತೆಯೇ ಮುಂದಿನ ಸಾಲಿನಲ್ಲಿದ್ದೆ, ಮಂಟಪಕ್ಕೆ ಬೆನ್ನು ಹಾಕಿಕೊಂಡು. ಸುಮಾಳ ದೊಡ್ಡಪ್ಪನಿಗೆ ನನ್ನ ಲಿನಕ್ಸ್ ಭಾಷಣ ಸಾಗಿತ್ತು. ನನ್ನ ಎಡಗೈ ಗಾಳಿಯಲ್ಲೇ ಕೀಬೋರ್ಡ್ ಕುಟ್ಟುತ್ತಿತ್ತು, ಬಲಗೈ ಮುಷ್ಟಿಯಲ್ಲಿ ಅಕ್ಷತೆ. ಗಟ್ಟಿಮೇಳ ಮೊಳಗಿತು, ಎಲ್ಲರ ಕೈ ಮೇಲೆದ್ದಿತು, ನನ್ನ ಮುಷ್ಟಿ ಬಿಚ್ಚಲಿಲ್ಲ. ಆಮೇಲೆ ಪರದೆಯ ಮೇಲಿನ ಆ ಮಹಾಶಯ ಕೈ ನೋಡಿಕೊಂಡ, ಅತ್ತಿತ್ತ ನೋಡಿದ, ಅಕ್ಷತೆಯನ್ನು ಜುಬ್ಬದ ಜೇಬಿಗೆ ಸುರಿದುಕೊಂಡು ಊಟದ ಮನೆಯತ್ತ ನಡೆದ.

ಸುಮಾ ಒಳಗೆ ಹೋಗಿ ತಟ್ಟೆಯಲ್ಲಿ ಅಕ್ಷತೆ ತಂದಳು. ಫ್ರಿಜ್ಜಿನ ಪಕ್ಕದಲ್ಲಿ ನಿಂತ ದಂಪತಿಗಳಿಗೆ ತಲೆ ತಗ್ಗಿಸಿಕೊಂಡು ಹಾಕಿದೆ. "ನಮ್ ಕಡೆ ನೋಡ್ಕೊಂಡ್ ಹಾಕಿ ಭಾವ!" ಎಂದು ನವೀನ ನಕ್ಕುಬಿಟ್ಟ. ಸುಮಾಳೂ ನಕ್ಕಳು. ನನ್ನೆದೆ ಹಗುರಾಯಿತು.

ಆದರೆ ಈಗ ಮನೆಗೆ ಯಾರೇ ಬರಲಿ, ಕಾಫಿಗೂ ಮುಂಚೆ ಸುಮಾ ಆ ವಿಡಿಯೊ ಹಾಕುತ್ತಾಳೆ. ಮೊನ್ನೆ ತಡೆಯಲಾರದೆ, ಆ ಕೋಡೆಕನ್ನು ತೆಗೆದುಹಾಕುವುದು ಹೇಗೆಂದು ಅದೇ ಚರ್ಚಾಕೂಟದಲ್ಲಿ ಕೇಳಿದೆ. ಎರಡೇ ನಿಮಿಷಕ್ಕೆ ವಿನಯದ ಉತ್ತರ ಬಂತು: ಒಂದೇ ಸಾಲು ಸಾಕು, ಹೊಸಬರಿಗೂ ಬಹಳ ಸುಲಭ.